ಅಜ್ಜನ ಕೋವಿ ಚೀಲ: ಅಳತೆ ಕೊಳವೆ, ಕೊಂಬು, ಕೇಪಿನ ಪಟ್ಟಿ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಅಡಿಕೆಸೋಗೆ (ಹೊಸನಗರ)

ಮಳೆ ಹಿಡಿಯುವ ಮೊದಲು ಅಟ್ಟ ಗುಡಿಸೋಣ ಅಂತ ಹತ್ತಿದ್ದೆ. ಅಜ್ಜನ ಕೋವಿ ಚೀಲ ಸಿಕ್ಕಿತು. ಕೋವಿ ಮನೆಯಲ್ಲೇ ಇದೆ. ಒಂಟಿ ನಳಿಗೆಯ ಕೇಪಿನ ಕೋವಿ, ಅಂದರೆ ನಳಿಗೆ ಬಾಯಿಂದ ಮದ್ದು ತುಂಬಿ, ಬುಡದ ತೊಟ್ಟಿನ ಮೇಲೆ ಏಟಿಗೆ ಸಿಡಿಯುವ ಪುಟ್ಟ ಲೋಹದ ಟೋಪಿ (ಕೇಪು) ಇಟ್ಟು ಹೊಡೆಯುವಂಥದ್ದು. ಬೆಳೆ ರಕ್ಷಣೆಯ ಲೈಸೆನ್ಸು. ಅಜ್ಜ 2012ರಲ್ಲಿ ತೀರಿಕೊಂಡ ಮೇಲೆ ಅಪ್ಪನ ಹೆಸರಿಗೆ ಆಗಿದೆ. ಅಪ್ಪ ಒಂದು ಈಡೂ ಹೊಡೆದವರಲ್ಲ. ಆಯುಧ ಪೂಜೆಗೆ ಇಳಿಸಿ, ಮೇಲಿಂದ ಒರೆಸಿ, ಕುಂಕುಮ ಹಚ್ಚಿ ಮತ್ತೆ ಗೋಡೆಗೆ ಏರಿಸುವುದು, ಅಷ್ಟೇ.

ಚೀಲದಲ್ಲಿ ಇದ್ದದ್ದು ಇಷ್ಟು. ಎಮ್ಮೆ ಕೊಂಬಿನ ಮದ್ದಿನ ಬುರುಡೆ, ಅದರ ಬುಡದ ಮರ ಸೀಳಿದೆ. ಬಿದಿರಿನ ಅಳತೆ ಕೊಳವೆ, ಹುಳ ತಿಂದು ಹಿಟ್ಟಾಗಿದೆ. ನಶ್ಯದ ಡಬ್ಬಿ, ಒಳಗೆ ಹಸಿರುಗಟ್ಟಿದ ಐದಾರು ಕೇಪು. ಹಿತ್ತಾಳೆ ಸೂಜಿ. ಚರೆ (ಸೀಸದ ಸಣ್ಣ ಗುಂಡು) ಹಾಕುವ ಚರ್ಮದ ಸಂಚಿ, ಖಾಲಿ. ಮದ್ದು, ಚರೆಯ ಮೇಲೆ ಜಡಿಯುವ ತೆಂಗಿನ ಕತ್ತದ (ನಾರಿನ) ಒಂದು ಉಂಡೆ. ಆಮೇಲೆ ಹೆಬ್ಬೆರಳು ಗಾತ್ರದ ಒಂದು ಮರದ ಗೂಟ. ಅದರ ಒಂದು ತುದಿಗೆ ಬಟ್ಟೆ ಸುತ್ತಿದೆ, ಇನ್ನೊಂದು ತುದಿಯ ತೂತಿಗೆ ಗೇಣುದ್ದದ ಕೆಂಪು ನೂಲು ಕಟ್ಟಿದೆ. ಇದು ಎಂಥದು ಅಂತ ಅಪ್ಪನಿಗೂ ಗೊತ್ತಿಲ್ಲ.

ಗಜ, ಅಂದರೆ ಈಡು ಜಡಿಯುವ ಕೋಲು, ಕೋವಿಯಲ್ಲೇ ಸಿಕ್ಕಿಸಿದೆ. ಬೈನೆ ಮರದ್ದು. ಚಾಕುವಿನಲ್ಲಿ ಕೊಯ್ದ ಎರಡು ಗೆರೆ ಇವೆ ಅದರ ಮೇಲೆ.

ಈ ವರ್ಷ ತೋಟಕ್ಕೆ ಮಂಗನ ಕಾಟ ವಿಪರೀತ. ಎಳೆ ಅಡಿಕೆ ಕಿತ್ತು ಚೀಪಿ ಎಸೆಯುತ್ತವೆ. ಬರೀ ಮದ್ದಿನ ಈಡು ಹೊಡೆದು ಹೆದರಿಸೋಣ ಅಂತ ಅಪ್ಪನಿಗೆ ಈಗ ಮನಸ್ಸು ಬಂದಿದೆ. ಚೀಲ ಸರಿ ಮಾಡಿಕೊಡುವ ಕೆಲಸ ನನ್ನದು. ಪೇಟೆಯಲ್ಲಿ ಇವೆಲ್ಲ ಸಿಗುವುದಿಲ್ಲ. ಮಾಡಿಕೊಂಡವರು ಯಾರಾದರೂ ಇದ್ದೀರಾ?

---

ಕಾಫಿಗಿಡ (ಕೊಪ್ಪ)

ಇದ್ದೇವೆ ಮಾರಾಯ್ರೆ. ಮೊದಲು ಅಳತೆ ಕೊಳವೆ ಮಾಡಿಕೊಳ್ಳಿ, ಉಳಿದದ್ದು ಆಮೇಲೆ.

ಒಣಗಿದ ಸಣ್ಣ ಬಿದಿರು ತಗೊಳ್ಳಿ. ಗಿಣ್ಣು ಬುಡಕ್ಕೆ ಬರುವ ಹಾಗೆ ಕೊಯ್ದರೆ ತಳ ತಾನೇ ಸಿಕ್ಕಿತು. ಒಳಗಿನ ಪೊರೆ ಪೂರಾ ತೆಗೆಯಬೇಕು. ಕಡ್ಡಿಗೆ ಮರಳು ಕಾಗದ ಸುತ್ತಿ ತಿರುಗಿಸಿದರೆ ನುಣುಪಾಗುತ್ತದೆ. ಪೊರೆ ಉಳಿದರೆ ಮದ್ದು ಅದಕ್ಕೆ ಅಂಟಿ ಪ್ರತಿ ಸಲ ಅಳತೆ ಬೇರೆ ಆಗುತ್ತದೆ. ಹುಳ ಬರಬಾರದು ಅಂದರೆ ಅಮಾವಾಸ್ಯೆ ಹತ್ತಿರ ಕಡಿದ ಬಿದಿರು ಅಂತ ನಮ್ಮಲ್ಲಿ ಹೇಳುತ್ತಾರೆ. ನಾನು ಹೊರಗಡೆಗೆ ಜೇನುಮೇಣ ತಿಕ್ಕುತ್ತೇನೆ, ಅದು ಸಾಕು.

ಉದ್ದ ಎಷ್ಟು ಅಂತ ಕೇಳಬೇಡಿ, ಇಲ್ಲಿ ಬರೆಯುವುದಿಲ್ಲ. ನಿಮ್ಮ ನಳಿಗೆಯನ್ನು ನಾನು ನೋಡಿಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಈ ನಳಿಗೆಗೆ ಇಷ್ಟು ಅಂತ ಅವರು ಒಂದು ಸಲ ತೂಗಿ ಕೊಡುತ್ತಾರೆ. ಆ ಮದ್ದನ್ನು ಉದ್ದ ಕೊಳವೆಗೆ ಸುರಿದು, ಎಲ್ಲಿಗೆ ಬಂತೋ ಅಲ್ಲಿ ಗುರುತು ಮಾಡಿ, ಖಾಲಿ ಮಾಡಿಕೊಂಡು ಆಮೇಲೆ ಅರದಲ್ಲಿ ಉಜ್ಜುತ್ತಾ ಇಳಿಸಿ. ಕರಿಮದ್ದಿನ ಅಳತೆಯನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. 1 ಗ್ರೇನ್ ಅಂದರೆ ಸುಮಾರು 0.065 ಗ್ರಾಂ. ಅಡಿಕೆ ತೂಗುವ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ ಒಂದು ಸಲ ತೂಕ, ಆಮೇಲೆ ಜೀವಮಾನ ಪೂರ್ತಿ ಕೊಳವೆ. ತುಂಬಿಸುವಾಗ ಕುಟ್ಟಬೇಡಿ. ಒಂದು ದಿನ ಕುಟ್ಟಿ, ಇನ್ನೊಂದು ದಿನ ಕುಟ್ಟದೆ ತುಂಬಿದರೆ ಎರಡು ಈಡು ಒಂದೇ ಆಗುವುದಿಲ್ಲ.

ಹಳಬರು ಬೆರಳಿನಲ್ಲಿ ಲೆಕ್ಕ ಹಾಕುತ್ತಿದ್ದರು. ಎಲ್ಲ ಜಡಿದಾದ ಮೇಲೆ ಗಜ ನಳಿಗೆ ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿತು ಅಂತ. ಯಾರ ಬೆರಳು? ನಮ್ಮ ಮಾವನ ಬೆರಳು ಬಾಳೆಕಾಯಿ ತರ ಇತ್ತು.

---

ಅಡಿಕೆಸೋಗೆ (ಹೊಸನಗರ)

ಕೊಂಬಿನಿಂದಲೇ ನೇರ ಸುರಿದರೆ ಆಗಲ್ವಾ? ಕೊಂಬಿನ ತುದಿಯಲ್ಲಿ ಸಣ್ಣ ಬಾಯಿ ಇದೆಯಲ್ಲ.

---

ಕಾಫಿಗಿಡ (ಕೊಪ್ಪ)

ಆಗಲೇಬಾರದು. ಹಿಂದಿನ ಈಡಿನ ಕತ್ತದ ಚೂರು ನಳಿಗೆ ಬುಡದಲ್ಲಿ ಕೆಂಡವಾಗಿ ಕೂತಿರಬಹುದು. ಕೊಳವೆಯಿಂದ ಸುರಿದರೆ ಒಂದು ಈಡಿನ ಮದ್ದು ಭುಸ್ ಅನ್ನುತ್ತದೆ, ಕೈ ಸುಡುತ್ತದೆ. ಕೊಂಬಿನಿಂದ ಸುರಿದರೆ ಬೆಂಕಿ ಕೊಂಬಿಗೇ ಏರುತ್ತದೆ. ಜಾತ್ರೆಯ ಗರ್ನಾಲನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ಅಳತೆ ಕೊಳವೆ ಇರುವುದು ಅಳೆಯುವುದಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಅದು ಇರುವುದು ಕೊಂಬಿಗೂ ನಳಿಗೆಗೂ ಮಧ್ಯೆ ಒಂದು ಬೇಲಿಯಾಗಿ. ಕೊಂಬಿಗೆ ಬಿರಡೆ ಹಾಕಿ, ಹೆಗಲ ಹಿಂದೆ ತಳ್ಳಿ, ಆಮೇಲೆ ಕೊಳವೆ ಬಗ್ಗಿಸಬೇಕು. ಸುರಿಯುವಾಗ ಮುಖ ನಳಿಗೆ ಬಾಯಿಯ ಮೇಲೆ ತರಬೇಡಿ.

---

ಉಳಿಸುತ್ತಿಗೆ (ಸೊರಬ)

ಕೊಂಬಿನ ವಿಷಯ ನನಗೆ ಬಿಡಿ. ಗುಡಿಗಾರರ ಕೇರಿಯಲ್ಲಿ ಬೆಳೆದವನು. ಗಂಧ ಕೆತ್ತುವುದೇ ಕಸುಬು. ಮದ್ದಿನ ಕೊಂಬು ಇಲ್ಲಿಯವರೆಗೆ ನಾಲ್ಕು ಮಾಡಿದ್ದೇನೆ.

ಬುಡದ ಮರ ಸೀಳಿದ್ದು ಅಂದರೆ ಕೊಂಬು ಹಾಳಾಗಿಲ್ಲ, ಮೊದಲು ಸಮಾಧಾನ ಮಾಡಿಕೊಳ್ಳಿ. ಉಳಿದ ಮರವನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಬೇಡಿ. ಹಳೆ ಮದ್ದು ಒಳಗೆ ಅಂಟಿರುತ್ತದೆ. ಕೊಂಬನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ, ಎರಡು ಸಲ ನೀರು ಬದಲಾಯಿಸಿ. ಕಪ್ಪು ನೀರು ಬರುವುದು ನಿಂತ ಮೇಲೆ ಕೈ ಹಾಕಿ.

ಕೊಂಬು ನಮ್ಮ ಉಗುರು, ಕೂದಲಿನ ಜಾತಿಯ ವಸ್ತು. ಕುದಿಯುವ ನೀರಿನಲ್ಲಿ ಇಟ್ಟರೆ ಮೆತ್ತಗಾಗುತ್ತದೆ. ಹಳೆ ಕೊಂಬಿನ ಬಾಯಿ ಸೊಟ್ಟಗಾಗಿರುತ್ತದೆ. ಬೇಯಿಸಿ, ಬಿಸಿ ಇರುವಾಗಲೇ ಗುಂಡಗಿನ ಮರದ ಅಚ್ಚು ಒಳಗೆ ತಳ್ಳಿ, ತಣ್ಣಗಾಗಲು ಬಿಟ್ಟರೆ ದುಂಡಗೆ ನಿಲ್ಲುತ್ತದೆ. ಆಮೇಲೆ ಹೊಸ ಬುಡ. ಹಲಸು ಆಗುತ್ತದೆ, ಸಾಗುವಾನಿಯೂ ಆಗುತ್ತದೆ. ಹಸಿ ಮರ ಮಾತ್ರ ಬೇಡ, ಒಣಗಿ ಕುಗ್ಗಿದರೆ ಸಂದಿಯಲ್ಲಿ ಮದ್ದು ಸೋರುತ್ತದೆ. ಸುತ್ತ ಜೇನುಮೇಣ ಕರಗಿಸಿ ಬಿಟ್ಟು, ಮರದ ಮೊಳೆ ಇಲ್ಲವೇ ಹಿತ್ತಾಳೆ ಮೊಳೆ ಹೊಡೆಯಿರಿ. ಕಬ್ಬಿಣದ ಮೊಳೆ ಬೇಡ. ಕಲ್ಲಿಗೆ ತಾಗಿ ಕಿಡಿ ಹಾರಬಹುದು, ನಮ್ಮ ಮಳೆಗೆ ತುಕ್ಕೂ ಹಿಡಿಯುತ್ತದೆ.

ಇನ್ನೊಂದು ಚಂದದ ಕೆಲಸ ಇದೆ. ಒಡೆದ ಗಾಜಿನ ಅಂಚಿನಲ್ಲಿ ಕೊಂಬಿನ ಹೊರಮೈ ಹೆರೆಯುತ್ತಾ ಹೋಗಿ. ಎತ್ತಿನ ಬಿಳಿ ಕೊಂಬಾದರೆ ತೆಳ್ಳಗಾದ ಮೇಲೆ ಬೆಳಕಿಗೆ ಹಿಡಿದರೆ ಒಳಗಿನ ಮದ್ದು ಎಲ್ಲಿಯವರೆಗೆ ಇದೆ ಅಂತ ನೆರಳು ಕಾಣುತ್ತದೆ. ಎಮ್ಮೆ ಕೊಂಬು ಕಪ್ಪು, ಅದರಲ್ಲಿ ಈ ಸುಖ ಇಲ್ಲ. ಆದರೆ ನೀರು ಎರಡಕ್ಕೂ ಇಳಿಯುವುದಿಲ್ಲ. ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಜಾಗದಲ್ಲಿ ಜನ ಕೊಂಬನ್ನೇ ನೆಚ್ಚಿಕೊಂಡಿದ್ದರು ಅಂದರೆ ಸುಮ್ನೆ ಅಲ್ಲ.

---

ರೀಲು ನೋಡುವವ (ಶಿವಮೊಗ್ಗ)

ಅಮೆರಿಕದವರ ವೀಡಿಯೊ ನೋಡಿದೆ. ಜಿಂಕೆ ಕೊಂಬಿನ ತುದಿ ಕೊರೆದು ಅಳತೆ ಮಾಡುತ್ತಾರೆ, ಭಾರೀ ಚಂದ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಕಡವೆ ಕೊಂಬು ಬಿದ್ದಿದೆ. ಕಾಡಲ್ಲಿ ತಾನೇ ಉದುರಿದ್ದು. ಮಾಡಬಹುದಲ್ವಾ? ಗುಂಡನ್ನು ಬಾಯಿಂದ ಒಳಗೆ ತಳ್ಳುವ ಸಣ್ಣ ಗುದ್ದುಗೋಲು, ಗುಂಡು ಸಾಲಾಗಿ ಕೂರಿಸುವ ಹಲಗೆ ಸಹ ತೋರಿಸಿದರು.

---

ನಿರ್ವಾಹಕ

ಕಡವೆ ಕೊಂಬಿನ ಮಾತು ಇಲ್ಲಿಗೇ ನಿಲ್ಲಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ತಪ್ಪು. ಉದುರಿದ್ದೋ, ಕಿತ್ತದ್ದೋ, ಅಜ್ಜ ಬಿಟ್ಟುಹೋದದ್ದೋ ಅಂತ ಕಾನೂನು ರಿಯಾಯಿತಿ ಕೊಡುವುದಿಲ್ಲ. ಕಾಟಿ (ಕಾಡುಕೋಣ) ಕೊಂಬಿಗೂ ಅದೇ. 2023ರಲ್ಲಿ ಹುಲಿ ಉಗುರಿನ ಗಲಾಟೆ ಆದಮೇಲೆ, ಇಂಥವನ್ನು ತಂದೊಪ್ಪಿಸಿ ಅಂತ 2024ರಲ್ಲಿ ರಾಜ್ಯ ಸರ್ಕಾರವೇ ಒಂದು ಅವಕಾಶ ಕೊಟ್ಟಿತ್ತು. ಚಿಕ್ಕಪ್ಪನಿಗೆ ಹೇಳಿ, ವಕೀಲರನ್ನು ಕೇಳಿ ಮುಂದುವರಿಯಲಿ. ಎಮ್ಮೆ, ಎತ್ತಿನ ಕೊಂಬಿಗೆ ಈ ರಗಳೆ ಇಲ್ಲ.

---

ಕಾಫಿಗಿಡ (ಕೊಪ್ಪ)

ಗುದ್ದುಗೋಲು, ಹಲಗೆ ಎಲ್ಲ ಅವರಿಗೆ ಬೇಕು. ಅವರ ನಳಿಗೆಯೊಳಗೆ ಸುರುಳಿ ಗೆರೆ ಇರುತ್ತದೆ. ಗುಂಡಿಗೆ ಎಣ್ಣೆ ಬಟ್ಟೆ ಸುತ್ತಿ ಬಿಗಿಯಾಗಿ ಕೂರಿಸಬೇಕು, ಅದು ಸುಲಭಕ್ಕೆ ಇಳಿಯುವುದಿಲ್ಲ. ನಮ್ಮ ಮಲೆನಾಡಿನ ಕೇಪಿನ ಕೋವಿಯ ಒಳಮೈ ನುಣುಪು. ಗಜ ಒಂದಿದ್ದರೆ ಆಯಿತು. ನೋಡಲು ಚಂದ ಅಂತ ಮಾಡಿ ಶೋಕೇಸ್‌ನಲ್ಲಿ ಇಟ್ಟುಕೊಳ್ಳುವುದಾದರೆ ಬೇರೆ ಮಾತು.

---

ಹಂಡೆನೀರು (ಸಾಗರ)

ನಾನು ಕೋವಿ ಮುಟ್ಟಿದವಳಲ್ಲ. ಆದರೆ ತವರಿನಲ್ಲಿ ಕೋವಿ ತೊಳೆಯುವ ದಿನ ಬಿಸಿನೀರು ಹೊರುವ ಕೆಲಸ ನನ್ನದಾಗಿತ್ತು. ಬಚ್ಚಲು ಹಂಡೆಯಿಂದ ಕೊತಕೊತ ಕುದಿಯುವ ನೀರು ತಂದು ಕೊಟ್ಟರೆ ಅಜ್ಜ ಗಜದ ತುದಿಗೆ ಹಳೆ ಪಂಚೆ ಚೂರು ಸುತ್ತಿ ನಳಿಗೆಯಲ್ಲಿ ಮೇಲೆ ಕೆಳಗೆ ಆಡಿಸುತ್ತಿದ್ದರು. ತೊಟ್ಟಿನ ತೂತಿನಿಂದ ಕಪ್ಪು ನೀರು ಚಿಮ್ಮುತ್ತಿತ್ತು. ಎಣ್ಣೆ ಹಾಕಿ ಒರೆಸಿದರೆ ಸಾಲದಾ ಅಂತ ಕೇಳಿದ್ದೆ. ಮದ್ದಿನ ಮಸಿ ಉಪ್ಪಿನ ಹಾಗೆ, ನೀರಿಗೆ ಮಾತ್ರ ಕರಗುತ್ತದೆ, ಎಣ್ಣೆಗೆ ಅಲ್ಲ ಅಂದಿದ್ದರು. ಈಡು ಹೊಡೆದ ದಿನವೇ ತೊಳೆಯಬೇಕು. ಆ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ನಳಿಗೆ ಬಾಯಿ ಕೆಂಪು. ನೀರು ಕುದಿಯುತ್ತಿದ್ದರೆ ಇನ್ನೊಂದು ಲಾಭ, ಕಬ್ಬಿಣ ಬಿಸಿಯಾಗಿ ತಾನೇ ಒಣಗುತ್ತದೆ. ಆಮೇಲೆ ಒಂದು ಹನಿ ಎಣ್ಣೆ.

ಅಜ್ಜನ ಕೊಂಬು ಈಗ ನಮ್ಮಮ್ಮನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಆಗಿದೆ. ತುದಿಯಿಂದ ಒಗ್ಗರಣೆಗೆ ಸರಿಯಾಗಿ ಉದುರುತ್ತದೆ. ತೊಳೆದೇ ಹಾಕಿದ್ದು, ಹೆದರಬೇಡಿ.

ಒಂದು ಮಾತು ಕೇಳಲೇ? ಗಜದ ಮೇಲೆ ಎರಡು ಗೆರೆ ಅಂದಿರಲ್ಲ. ನಮ್ಮ ಅಜ್ಜನ ಗಜಕ್ಕೂ ಇತ್ತು. ಖಾಲಿ ನಳಿಗೆಗೆ ಗಜ ಇಳಿಬಿಟ್ಟರೆ ನಳಿಗೆ ಬಾಯಿಗೆ ಸರಿಯಾಗಿ ಬರುವ ಗೆರೆ ಒಂದು. ಈಡು ತುಂಬಿದ್ದರೆ ಬಾಯಿಗೆ ಬರುವ ಗೆರೆ ಇನ್ನೊಂದು. ನಿಮ್ಮ ಕೋವಿ ಖಾಲಿ ಇದೆ ಅಂತ ಯಾರಾದರೂ ನೋಡಿದ್ದೀರಾ ತಮ್ಮಾ?

---

ಅಡಿಕೆಸೋಗೆ (ಹೊಸನಗರ)

ಅಕ್ಕಾ, ಗಜ ಇಳಿಬಿಟ್ಟೆ. ನಾಲ್ಕು ಬೆರಳು ಹೊರಗೆ ನಿಂತಿತು. ಕೆಳಗಿನ ಗೆರೆ ನಳಿಗೆ ಬಾಯಿಗೆ ಸರಿಯಾಗಿ ಕೂತಿದೆ. ಮೇಲಿನದು ಆಚೆ ಇದೆ.

ಕೈ ನಡುಗುತ್ತಿದೆ. ತೊಟ್ಟಿನ ಮೇಲೆ ಕೇಪು ಇಲ್ಲ, ಅದೊಂದು ಸಮಾಧಾನ. ಈಗ ಏನು ಮಾಡಲಿ?

---

ಕಾಫಿಗಿಡ (ಕೊಪ್ಪ)

ಗಜ ಮೆಲ್ಲಗೆ ಹೊರಗೆ ತೆಗೆಯಿರಿ. ತೆಗೆಯುವಾಗ ಕೈ, ಮುಖ ನಳಿಗೆ ಬಾಯಿಯ ನೇರಕ್ಕೆ ಬರಬಾರದು. ಜನ ಓಡಾಡದ ಕೋಣೆಯಲ್ಲಿ ಇಟ್ಟು ಬೀಗ ಹಾಕಿ. ಬಾಯಿ ಮಣ್ಣಿನ ಗೋಡೆ ಕಡೆಗೆ ಇರಲಿ. ಹತ್ತಿರ ದೀಪ, ಬೀಡಿ, ಒಲೆ ಬೇಡ.

ಹೊಡೆದು ಖಾಲಿ ಮಾಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಷ್ಟು ವರ್ಷದಲ್ಲಿ ಬುಡದಲ್ಲಿ ತುಕ್ಕು ಎಷ್ಟು ತಿಂದಿದೆಯೋ, ನಳಿಗೆ ಸೀಳಿದರೂ ಸೀಳಿತು. ನೀವೇ ಕೆದಕಲೂ ಹೋಗಬೇಡಿ. ಕೋವಿ ರಿಪೇರಿಯವರಿಗೆ ಫೋನ್ ಮಾಡಿ, ತುಂಬಿದೆ ಅಂತ ಮೊದಲೇ ಹೇಳಿ. ಹೇಗೆ ತರಬೇಕು, ಅವರೇ ಬರುತ್ತಾರೋ ಅಂತ ಕೇಳಿ. ಲೈಸೆನ್ಸ್ ಪುಸ್ತಕ ಅಪ್ಪನ ಕೈಯಲ್ಲೇ ಇರಲಿ, ಕೋವಿ ಜೊತೆ ಅಪ್ಪನೇ ಹೋಗಲಿ.

---

ರೀಲು ನೋಡುವವ (ಶಿವಮೊಗ್ಗ)

ಹನ್ನೆರಡು ವರ್ಷದ ಮೇಲಾಯಿತು, ಮದ್ದು ಸತ್ತಿರುತ್ತೆ ಬಿಡಿ.

---

ಉಳಿಸುತ್ತಿಗೆ (ಸೊರಬ)

ಸತ್ತಿರುವುದಿಲ್ಲ ಸ್ವಾಮಿ. ಒಣಗಿದ್ದರೆ ಕರಿಮದ್ದು ಎಷ್ಟು ವರ್ಷ ಬೇಕಾದರೂ ಕಾಯುತ್ತದೆ. ನಿಮ್ಮ ಪಕ್ಕದ ನಗರದಲ್ಲೇ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪಾಳು ಬಾವಿ ಅಗೆದಾಗ 1000ಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನೆನಪಿದೆಯಾ? ಟಿಪ್ಪು ಕಾಲದವು, ಗೇಣುದ್ದದ ಕಬ್ಬಿಣದ ಕೊಳವೆಗಳು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತಲೇ ಅಗೆಯಲು ಶುರು ಮಾಡಿದ್ದು. ಹೈದರ್ ಬಿದನೂರು ಹಿಡಿದದ್ದು 1763ರಲ್ಲಿ. ಇನ್ನೂರು ವರ್ಷ ಮಳೆ ನೆಂದರೂ ಮಣ್ಣಿಗೆ ವಾಸನೆ ಉಳಿದಿತ್ತು. ಇದು ಗೋಡೆ ಮೇಲೆ ಬೆಚ್ಚಗೆ ಇದ್ದ ಕೋವಿ.

---

ಅಡಿಕೆಸೋಗೆ (ಹೊಸನಗರ)

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ಕ್ಷೇಮ.

ಶಿವಮೊಗ್ಗದಿಂದ ರಿಪೇರಿಯವರು ಬೈಕಿನಲ್ಲಿ ಮನೆಗೇ ಬಂದರು. ವಯಸ್ಸಾದವರು. ಕೋವಿಯನ್ನು ಅಂಗಳದ ಆಚೆ ಹೊಸಮಣ್ಣಿನ ದಿಬ್ಬದ ಕಡೆ ಮುಖ ಮಾಡಿ ಕಟ್ಟಿದರು. ಮೊದಲು ತೊಟ್ಟು ಬಿಚ್ಚಿ ಆ ತೂತಿನಿಂದ ನೀರು ಬಿಟ್ಟರು, ಬಾಯಿಂದಲೂ ಬಿಟ್ಟರು. ಸಂಜೆಯವರೆಗೆ ನೆನೆಯಲಿ ಅಂತ ಹಾಗೇ ಬಿಟ್ಟು ನಮ್ಮ ಜೊತೆ ಊಟ ಮಾಡಿದರು. ಅಮ್ಮ ಮಾಡಿದ ಕಳಲೆ ಪಲ್ಯ ಎರಡು ಸಲ ಹಾಕಿಸಿಕೊಂಡರು. ಆಮೇಲೆ ಗಜದ ತುದಿಗೆ ಅವರದೇ ಒಂದು ಹಿತ್ತಾಳೆ ತಿರುಪು ಸಿಕ್ಕಿಸಿ, ಪಕ್ಕಕ್ಕೆ ನಿಂತು ತಿರುಗಿಸಿ ಎಳೆದರು. ಮೊದಲು ಕತ್ತದ ಉಂಡೆ ಬಂತು. ಆಮೇಲೆ ಚರೆ, ಒಂದು ಹಿಡಿ. ಮತ್ತೆ ಕತ್ತ. ಕೊನೆಗೆ ಕಪ್ಪು ಸಗಣಿಯ ಹಾಗೆ ಮದ್ದು.

ಅವರು ಕೇಳಿದ ಒಂದೇ ಪ್ರಶ್ನೆ, 'ಇದನ್ನು ಎಲೆಕ್ಷನ್‌ಗೆ ಡಿಪಾಸಿಟ್ ಮಾಡ್ತಿದ್ರಾ?'

ಮಾಡುತ್ತಿದ್ದೆವು, ಎಲೆಕ್ಷನ್ ಮುಗಿಯುವವರೆಗೆ ಕೋವಿ ಪೊಲೀಸ್ ಠಾಣೆಯಲ್ಲಿ. ವಿಧಾನಸಭೆಗೆ 2013, 2018, 2023. ಲೋಕಸಭೆಗೆ 2014, 2019, 2024. ಆರು ಸಲ ತುಂಬಿದ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಜೀಪಿನ ಸೀಟಿನ ಕೆಳಗೆ ಇಟ್ಟು ಒಯ್ದಿದ್ದೇವೆ, ಆರು ಸಲ ವಾಪಸ್ ತಂದಿದ್ದೇವೆ. ಖಾಲಿ ಅಂತ ಹೇಳಿದವರು ನಾವೇ, ತಪ್ಪು ನಮ್ಮದೇ. ಆಯುಧ ಪೂಜೆಗೆ ಅಕ್ಕನ ಮಕ್ಕಳು ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೊ ನನ್ನ ಮೊಬೈಲಿನಲ್ಲಿದೆ. ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ.

ನಳಿಗೆ ಪರವಾಗಿಲ್ಲವಂತೆ. ಬುಡದ ಒಳಗೆ ಸ್ವಲ್ಪ ತುಕ್ಕಿನ ಗುಳಿ ಇದೆ, ಅಂಗಡಿಗೆ ತಂದರೆ ಬೆಳಕು ಬಿಟ್ಟು ನೋಡಿ ಹೇಳುತ್ತೇನೆ ಅಂದಿದ್ದಾರೆ. ಅವರು ಹೇಳುವವರೆಗೆ ಬರೀ ಮದ್ದಿನ ಈಡೂ ಇಲ್ಲ. ಮಂಗಗಳಿಗೆ ಸದ್ಯ ತಗಡಿನ ಡಬ್ಬಿ.

---

ತೋಕ್ ಪೂ (ಮಡಿಕೇರಿ)

ಓದುತ್ತಾ ಬೆವರಿದೆ. ನಮ್ಮಲ್ಲಿ ಕೈಲ್ ಪೊಳ್ದ್ (ಆಯುಧ ಪೂಜೆಯ) ಹಬ್ಬಕ್ಕೆ ಕೋವಿಗೆ ತೋಕ್ ಪೂ, ಅಂದರೆ ನಿಮ್ಮ ಗೌರಿ ಹೂ ಸಿಕ್ಕಿಸುತ್ತೇವೆ. ಹೂ ಸಿಕ್ಕಿಸುವ ಮೊದಲು ಗಜ ಇಳಿಬಿಟ್ಟು ನೋಡುವುದು ನಮ್ಮ ಮನೆಯಲ್ಲಿ ಹಿರಿಯರ ಕೆಲಸ. ಕೊಡವರಾದ ನಮಗೆ ಕೋವಿ ಲೈಸೆನ್ಸಿನ ವಿನಾಯಿತಿ 2029ರವರೆಗೆ ಇದೆ. ಆದರೆ ಮರೆವಿಗೆ ಯಾರಿಗೂ ವಿನಾಯಿತಿ ಇಲ್ಲ ನೋಡಿ.

ಒಂದು ವಿಷಯ ಸೇರಿಸುತ್ತೇನೆ. ಮಳೆಗಾಲದಲ್ಲಿ ಕೋವಿಯನ್ನು ಒಲೆಯ ಮೇಲಿನ ಅಟ್ಟದ ಹತ್ತಿರ ತೂಗು ಹಾಕುತ್ತಾರೆ, ತುಕ್ಕು ಬರುವುದಿಲ್ಲ ಅಂತ. ಮದ್ದಿನ ಕೊಂಬನ್ನೂ ಅದರ ಜೊತೆಗೇ ತೂಗು ಹಾಕಿದ ಮನೆಗಳನ್ನು ನೋಡಿದ್ದೇನೆ. ಕೊಂಬು ಬೇರೆ ಕೋಣೆಯಲ್ಲಿ, ಕೇಪಿನ ಡಬ್ಬಿ ಮತ್ತೊಂದು ಕಡೆ ಇರಲಿ.

---

ರೀಲು ನೋಡುವವ (ಶಿವಮೊಗ್ಗ)

ಕೇಪು ಸಿಗದಿದ್ದರೆ ಬೆಂಕಿಕಡ್ಡಿ ಮದ್ದಿನಲ್ಲಿ ಮಾಡಿಕೊಳ್ಳುತ್ತಾರಂತೆ. ಮದ್ದನ್ನೂ ಮನೆಯಲ್ಲೇ ಅರೆಯುತ್ತಾರಂತೆ. ಗೊತ್ತಿದ್ದವರು ಬರೆಯಿರಿ.

---

ನಿರ್ವಾಹಕ

ಯಾರೂ ಬರೆಯಬೇಡಿ. ಬರೆದರೆ ಅಳಿಸುತ್ತೇನೆ. ಕೊಂಬು, ಕೊಳವೆ, ಚೀಲ ಎಷ್ಟು ಬೇಕಾದರೂ ಮಾಡಿಕೊಳ್ಳಿ. ಮದ್ದು, ಕೇಪು ಲೈಸೆನ್ಸ್ ತೋರಿಸಿ ಅಂಗಡಿಯಿಂದಲೇ ತರಬೇಕು, ಪುಸ್ತಕದಲ್ಲಿ ಬರೆದಷ್ಟೇ. ಇನ್ನೊಂದು, ತೋಟಾದಿಂದ (ಕಾರ್ಟ್ರಿಜ್‌ನಿಂದ) ಬಿಚ್ಚಿದ ಹೊಗೆ ಬಾರದ ಮದ್ದನ್ನು ಕೇಪಿನ ಕೋವಿಗೆ ಹಾಕುವ ಸಾಹಸ ಯಾರೂ ಮಾಡಬೇಡಿ. ಅದರ ಒತ್ತಡ ತಡೆಯಲು ಆ ನಳಿಗೆ ಹುಟ್ಟಿದ್ದೇ ಅಲ್ಲ.

---

ಕಾಫಿಗಿಡ (ಕೊಪ್ಪ)

ಕೇಪು ಮಾಡುವುದು ಬೇಡ, ಕೇಪು ಹಿಡಿಯುವ ಪಟ್ಟಿ ಮಾಡೋಣ. ನಶ್ಯದ ಡಬ್ಬಿಯಿಂದ ಒಂದೊಂದೇ ಕೇಪು ಹೆಕ್ಕುವುದು ಚಳಿಗೆ ಮರಗಟ್ಟಿದ ಬೆರಳಿಗೆ ಆಗುವ ಕೆಲಸ ಅಲ್ಲ. ಎಲೆ ಮೇಲೆ ಬಿದ್ದರೆ ಮುಗಿಯಿತು. ಹವಾಯಿ ಚಪ್ಪಲಿಯ ಅಟ್ಟೆಯಿಂದ ಬೆರಳಗಲದ ಪಟ್ಟಿ ಕೊಯ್ಯಿರಿ. ಕೇಪಿಗಿಂತ ಒಂದು ಕೂದಲು ಸಣ್ಣ ತೂತು ಸಾಲಾಗಿ ಹಾಕಿ. ಖಾಲಿ ಪೆನ್ನಿನ ಲೋಹದ ತುದಿ ಕಾಸಿದರೆ ಅದೇ ಕೊರೆಯುತ್ತದೆ. ಆ ಬಿಸಿ ಕೆಲಸ ಕೇಪಿನ ಹತ್ತಿರ ಅಲ್ಲ, ಹೇಳಬೇಕಾಗಿಲ್ಲ ತಾನೆ? ಪಟ್ಟಿ ತಣ್ಣಗಾದ ಮೇಲೆ ಕೇಪನ್ನು ಬಾಯಿ ಹೊರಗೆ ಬರುವ ಹಾಗೆ ಒತ್ತಿ ಕೂರಿಸಿ. ಪಟ್ಟಿಯನ್ನು ತೊಟ್ಟಿಗೆ ಹಿಡಿದು ಒತ್ತಿ ಎಳೆದರೆ ಕೇಪು ಅಲ್ಲೇ ಉಳಿಯುತ್ತದೆ. ನನ್ನದು ನೀಲಿ ಬಣ್ಣದ್ದು, ಒಂಬತ್ತು ವರ್ಷದಿಂದ ನಡೆಯುತ್ತಿದೆ.

ಕೇಪು ಹುಟ್ಟಿದ ಕತೆಯೂ ಮಜವಾಗಿದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಅನ್ನುವ ಪಾದ್ರಿಗೆ ಬಾತುಕೋಳಿ ಹೊಡೆಯುವ ಹುಚ್ಚು. ಆಗಿನ ಚಕಮಕಿ ಕೋವಿಯಲ್ಲಿ ಮೊದಲು ಹೊರಗಿನ ಬಟ್ಟಲಿನ ಮದ್ದು ಹೊಗೆಯಾಡಬೇಕು, ಆಮೇಲೆ ಈಡು. ಹೊಗೆ ನೋಡಿ ಹಕ್ಕಿ ಪರಾರಿ. ಅದಕ್ಕೆ ಏಟು ಬಿದ್ದರೆ ಸಿಡಿಯುವ ಮದ್ದನ್ನು ಕೋವಿಗೆ ತಂದ. 1807ರಲ್ಲಿ ಪೇಟೆಂಟ್ ತಗೊಂಡ. ತಾಮ್ರದ ಟೋಪಿ ರೂಪ ಅದಕ್ಕೆ ಆಮೇಲೆ ಬಂತು.

---

ಹಂಡೆನೀರು (ಸಾಗರ)

ಕತ್ತದ ಬಗ್ಗೆ ಯಾರೂ ಹೇಳಲಿಲ್ಲ. ತೆಂಗಿನ ಕತ್ತ ಹೊತ್ತಿಕೊಂಡೇ ಹಾರಿ ಬೀಳುತ್ತದೆ. ಬೇಸಗೆಯಲ್ಲಿ ಸೊಪ್ಪಿನಬೆಟ್ಟದ ತರಗೆಲೆ ಮೇಲೆ ಬಿದ್ದರೆ ಏನು ಗತಿ? ನಮ್ಮ ಮನೆ ಮೇಲಿನ ಬೆಟ್ಟ ಒಂದು ಫೆಬ್ರುವರಿಯಲ್ಲಿ ಹಾಗೇ ಹೊತ್ತಿತ್ತು. ಹಸಿ ಸೊಪ್ಪು ಹಿಡಿದು ಬಡಿದು ಬಡಿದು ಆರಿಸಿದೆವು. ಅಜ್ಜ ಆಮೇಲೆ ಅಡಿಕೆ ಹಾಳೆಗೆ ಬಂದರು. ನಳಿಗೆಗೆ ಸರಿಹೋಗುವ ಕಬ್ಬಿಣದ ಪೈಪಿನ ಚೂರಿನ ಬಾಯಿಯನ್ನು ಅರದಲ್ಲಿ ಚೂಪು ಮಾಡಿಕೊಂಡಿದ್ದರು. ನೆನೆಸಿದ ಹಾಳೆಯನ್ನು ಮರದ ಕೊರಡಿನ ಮೇಲೆ ಇಟ್ಟು ಪೈಪಿಗೆ ಸುತ್ತಿಗೆ ಕೊಟ್ಟರೆ ಟಕ್ ಅಂತ ಬಿಲ್ಲೆ. ನಾವು ಮಕ್ಕಳು ನೂರಾರು ಹೊಡೆದು ದುಡ್ಡಿನ ಆಟ ಆಡುತ್ತಿದ್ದೆವು. ಆ ಬಿಲ್ಲೆಗೆ ಜೇನುಮೇಣ, ಕೊಬ್ಬರಿ ಎಣ್ಣೆ ಕರಗಿಸಿದ್ದು ಸವರುತ್ತಿದ್ದರು. ಹಾಳೆಯೂ ಸುಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನಾರಿನ ಹಾಗೆ ಕೆಂಡ ಹಿಡಿದುಕೊಂಡು ಕೂರುವುದಿಲ್ಲ. ಏನೇ ಆದರೂ ಒಣ ಕಾಲದಲ್ಲಿ ಒಂದು ಕೊಡ ನೀರು ಪಕ್ಕದಲ್ಲಿ ಇರಬೇಕು.

ಪಾಲಿಯೆಸ್ಟರ್ ಬಟ್ಟೆ ಚೂರು ಮಾತ್ರ ನಳಿಗೆಗೆ ಹಾಕಬೇಡಿ. ಕರಗಿ ಅಂಟುತ್ತದೆ. ಹತ್ತಿ ಪಂಚೆಯೇ ಬೇಕು.

ಆ ಕೆಂಪು ನೂಲಿನ ಗೂಟ ಎಂಥದು ಗೊತ್ತಾಯಿತಾ?

---

ಉಳಿಸುತ್ತಿಗೆ (ಸೊರಬ)

ನನ್ನ ಲೆಕ್ಕದಲ್ಲಿ ಕೊಂಬಿನ ಬಿರಡೆ.

---

ಅಡಿಕೆಸೋಗೆ (ಹೊಸನಗರ)

ಕೊಂಬಿಗೆ ಹಾಕಿ ನೋಡಿದೆ, ದಪ್ಪ ಆಯಿತು. ಇವತ್ತು ನಿಟ್ಟೂರಿನ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ನಡೆದದ್ದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದರು.

ಅದು ನಳಿಗೆ ಬಾಯಿಯ ಬಿರಡೆಯಂತೆ, ಮಳೆ ನೀರು, ಕಣಜದ ಹುಳ ಒಳಗೆ ಹೋಗದ ಹಾಗೆ. 'ಒಂದಲ್ಲವೋ, ಎರಡಿದ್ದವು. ನೂಲು ಇಲ್ಲದ್ದು ಹಾಕಿದ್ದರೆ ಖಾಲಿ. ಕೆಂಪು ನೂಲಿಂದು ಹಾಕಿದ್ದರೆ ತುಂಬಿದೆ ಅಂತ. ಕೆಂಪು ನೇತಾಡ್ತಿದ್ರೆ ನಾವ್ಯಾರೂ ಆ ಗೋಡೆ ಹತ್ರ ಸುಳೀತಿರಲಿಲ್ಲ.' ನೂಲು ಗೇಣುದ್ದ ಇದ್ದದ್ದು, ಕೋವಿ ಎತ್ತಿದಾಗ ಕಣ್ಣೆದುರು ಆಡಬೇಕು ಅಂತ. ಬಿರಡೆ ತೆಗೆಯದೆ ಹೊಡೆದರೆ ನಳಿಗೆ ಸೀಳುತ್ತದಲ್ಲ.

ಅಜ್ಜ ತೀರಿಕೊಂಡ ಹನ್ನೊಂದನೇ ದಿನ ಮನೆ ತೊಳೆಯುವಾಗ ಕೋವಿ ಒರೆಸಿದ್ದು ದೊಡ್ಡಮ್ಮನೇ. ಬಿರಡೆ ಧೂಳು ಹಿಡಿದಿತ್ತು. ಕಳೆದುಹೋಗಬಾರದು ಅಂತ ತೆಗೆದು ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದರಂತೆ.

ಇನ್ನೊಂದು ಬಿರಡೆ ಎಲ್ಲಿ ಅಂತ ಕೇಳಿದೆ. 'ಬಚ್ಚಲಲ್ಲಿ ಹರಳೆಣ್ಣೆ ಸೀಸೆ ಇದೆಯಾ ಇನ್ನೂ? ನೋಡು' ಅಂದರು.

ಹೋಗಿ ನೋಡಿದೆ. ಹುಟ್ಟಿದಾಗಿನಿಂದ ಪ್ರತಿ ಹಬ್ಬಕ್ಕೆ ಎಣ್ಣೆ ನೀರಿಗೆ ಆ ಸೀಸೆ ಬಿಚ್ಚಿದ್ದೇನೆ. ಅದೇ ಮರ, ಅದೇ ಗಾತ್ರ, ಅದೇ ಬಟ್ಟೆ ಸುತ್ತು. ಅಪ್ಪ ಅದನ್ನು ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗೆ ಇಟ್ಟು, ಗಜ ಇಳಿಬಿಟ್ಟು ಒಂದು ಸಲ ನೋಡಿ, ನಳಿಗೆ ಬಾಯಿಗೆ ಹಾಕಿದರು. ಸೀಸೆಗೆ ಸದ್ಯ ಬಾಳೆಎಲೆ ಚೂರು ತುರುಕಿದ್ದೇವೆ.

---

ಉಳಿಸುತ್ತಿಗೆ (ಸೊರಬ)

ಬಿರಡೆಯ ಉದ್ದ, ದಪ್ಪ ಅಳೆದು ಹಾಕಿ ತಮ್ಮಾ. ಎರಡು ಜೊತೆ ಕಡೆದು ಇಡುತ್ತೇನೆ. ಸೀಸೆಗೂ ಒಂದು ಸೇರಿಸಿ.